ಎಲೆ ಎಷ್ಟು, ಸೌದೆ ಎಷ್ಟು, ಹೊಗೆ ಎಷ್ಟು

ಹಿರಿಯೂರು ಕಡೆಯ ಹಳ್ಳಿಯೊಂದರಲ್ಲಿ ನಮ್ಮ ಸೋದರತ್ತೆ ಮನೆ. ಕಳೆದ ಸಲ ಹೋದಾಗ ಕರೆಂಟ್ ಬಿಲ್ ಕೊಡುವ ಹುಡುಗ ಬಂದಿದ್ದ. ಮೀಟರ್ ನೋಡಿದ, ಕೈಯಲ್ಲಿದ್ದ ಮೆಷಿನ್ನಿಂದ ಚೀಟಿ ಹರಿದುಕೊಟ್ಟ, ಹೋದ. ಗೃಹಜ್ಯೋತಿ ಬಂದ ಮೇಲೆ ಆ ಚೀಟಿಯನ್ನು ಯಾರೂ ಓದುವುದಿಲ್ಲ. ಕೆಳಗೆ ಸೊನ್ನೆ ಇದೆಯಾ ನೋಡಿ, ಮಡಚಿ ಗೋಡೆ ಗಡಿಯಾರದ ಹಿಂದೆ ಸಿಕ್ಕಿಸುತ್ತಾರೆ. ನಾನು ತೆಗೆದು ನೋಡಿದೆ. ಕಟ್ಟಬೇಕಾದ ಹಣ ಸೊನ್ನೆ. ಬಳಸಿದ ಯೂನಿಟ್ 90.

ಕಟ್ಟುವ ಹಣ ಸೊನ್ನೆ ಆಗಬಹುದು, ಆ 90 ಸೊನ್ನೆ ಆಗುವುದಿಲ್ಲ. ನಮ್ಮ ದೇಶದಲ್ಲಿ ಒಂದು ಯೂನಿಟ್ ಕರೆಂಟ್ ತಯಾರಾಗುವಾಗ ಸರಾಸರಿ 700 ಗ್ರಾಂನಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. 90 ಯೂನಿಟ್‌ಗೆ 63 ಕಿಲೊ. ಹೆಚ್ಚುಕಡಿಮೆ ಅತ್ತೆಯ ತೂಕದಷ್ಟೇ. ತಿಂಗಳಿಗೊಂದು ಸಲ ನಿಮ್ಮಷ್ಟೇ ತೂಕದ ಗಾಳಿ ಮೇಲೆ ಹೋಗುತ್ತೆ ಅತ್ತೆ ಅಂದೆ. "ಹೋಗೋ, ಗಾಳಿಗೆಲ್ಲಿ ತೂಕ" ಅಂದರು.

ಅವರು ನಂಬದೇ ಇದ್ದದ್ದರಲ್ಲಿ ಆಶ್ಚರ್ಯವೇನಿಲ್ಲ. ಕಣ್ಣಿಗೆ ಕಾಣದ್ದಕ್ಕೆ ತೂಕ ಇದೆ ಅಂದರೆ ಯಾರು ನಂಬುತ್ತಾರೆ? ಆದರೆ ಕಲ್ಲಿದ್ದಲಿನಲ್ಲಿರುವ ಇಂಗಾಲ ಉರಿಯುವಾಗ ಗಾಳಿಯಿಂದ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. 12 ಗ್ರಾಂ ಇಂಗಾಲಕ್ಕೆ 32 ಗ್ರಾಂ ಆಮ್ಲಜನಕ ಅಂಟಿ 44 ಗ್ರಾಂ ಆಗುತ್ತದೆ. ಹಾಗಾಗಿ ಉರಿದ ಇಂಗಾಲಕ್ಕಿಂತ ಚಿಮಣಿಯಿಂದ ಹೊರಟದ್ದೇ ಮೂರೂವರೆ ಪಟ್ಟಿಗಿಂತ ಜಾಸ್ತಿ ತೂಗುತ್ತದೆ. ಥರ್ಮಲ್ ಸ್ಥಾವರದ ದಪ್ಪ ಗೋಪುರಗಳಿಂದ ಬೆಳ್ಳಗೆ ಏಳುವುದನ್ನು ನೋಡಿ ನಾವು 'ಅದೇ ಹೊಗೆ' ಅಂದುಕೊಳ್ಳುತ್ತೇವೆ. ಅದು ಬರೀ ನೀರಾವಿ. ತೊಂದರೆ ಮಾಡುವ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಪದೇಪದೇ ಉದ್ದದ ಹೆಸರು ಹೇಳುವ ಬದಲು ಈ ಲೇಖನದ ಮಟ್ಟಿಗೆ ಅದನ್ನು 'ಹೊಗೆ' ಎಂದೇ ಕರೆಯುತ್ತೇನೆ.

ಇದೇ ಮನೆಗೆ ಮೊದಲು ಬಂದದ್ದು ಭಾಗ್ಯಜ್ಯೋತಿಯ ಒಂದೇ ಒಂದು 40 ವ್ಯಾಟ್ ಬಲ್ಬು. ಅದನ್ನು ಅಡುಗೆ ಮನೆಗೂ ನಡುಮನೆಗೂ ಮಧ್ಯದ ಗೋಡೆಯಲ್ಲಿ ಕಿಂಡಿ ಮಾಡಿ ಇಟ್ಟಿದ್ದರು, ಎರಡೂ ಕಡೆ ಬೆಳಕು ಬೀಳಲಿ ಅಂತ. ಈಗ ಫ್ಯಾನ್, ಮಿಕ್ಸಿ, ಟೀವಿ, ಫ್ರಿಜ್ ಎಲ್ಲ ಇವೆ. ಅತ್ತೆಗೆ ಒರಳು ತಿರುಗಿಸುವುದು ತಪ್ಪಿದೆ. ಇದನ್ನು ಅಭಿವೃದ್ಧಿ ಅನ್ನದೆ ಇನ್ನೇನು ಅನ್ನಬೇಕು? ಇಂಥ ಕೋಟ್ಯಂತರ ಮನೆ ಮೇಲೆ ಬರುವಾಗ ಹೊಗೆಯೂ ಜೊತೆಗೇ ಮೇಲೇರಲೇಬೇಕಾ, ಅಥವಾ ಎರಡನ್ನೂ ಬಿಡಿಸಿಡಲು ಸಾಧ್ಯವಾ ಎನ್ನುವುದೇ ಪ್ರಶ್ನೆ.

ಭಟ್ಟರ ಲೆಕ್ಕ

ಮದುವೆ ಅಡುಗೆ ಒಪ್ಪಿಸಲು ಹೋದರೆ ಭಟ್ಟರು ಮೊದಲು ಕೇಳುವುದು "ಎಷ್ಟು ಎಲೆ?" ಅಂತ. ಆಮೇಲೆ "ಏನೇನು ಬಗೆ?". ಬರೀ ಅನ್ನ ಸಾರು ಪಾಯಸವೋ, ಹೋಳಿಗೆ, ಚಿರೋಟಿ, ಎರಡು ಕೋಸಂಬರಿ ಎಲ್ಲ ಇರಬೇಕೋ. ಮೂರನೆಯದು ಅವರ ಕೈಗುಣ. ಒಬ್ಬರು ಎರಡು ಹೊರೆ ಸೌದೆಯಲ್ಲಿ ಮುಗಿಸುವ ಅಡುಗೆಗೆ ಇನ್ನೊಬ್ಬರಿಗೆ ನಾಲ್ಕು ಹೊರೆ ಬೇಕು. ನಾಲ್ಕನೆಯದು ಸೌದೆಯ ಗುಣ. ಒಣಗಿದ್ದಾದರೆ ಕಡಿಮೆ ಹೊಗೆ, ಹಸಿಯಾದರೆ ಊರೆಲ್ಲ ಕೆಮ್ಮಬೇಕು.

ಇಷ್ಟೇ. ಜಪಾನಿನ ಯೋಯಿಚಿ ಕಾಯಾ ಎನ್ನುವವರು ದೇಶಕ್ಕೂ ಇದೇ ಲೆಕ್ಕ ಹಾಕಿದರು. ಜನ ಎಷ್ಟು, ತಲೆಗೆ ಆದಾಯ ಎಷ್ಟು, ಒಂದು ರೂಪಾಯಿ ಆದಾಯ ಹುಟ್ಟಿಸಲು ಎಷ್ಟು ಶಕ್ತಿ ಬೇಕು, ಅಷ್ಟು ಶಕ್ತಿಗೆ ಎಷ್ಟು ಹೊಗೆ ಏಳುತ್ತದೆ. ಈ ನಾಲ್ಕನ್ನೂ ಗುಣಿಸಿದರೆ ದೇಶದ ಒಟ್ಟು ಹೊಗೆ. ಇದಕ್ಕೆ ಕಾಯಾ ಸಮೀಕರಣ ಅಂತಲೇ ಹೆಸರು.

ನೋಡಲು ಸುಮ್ನೆ ಒಂದು ಗುಣಾಕಾರ. ಆದರೆ ಗುಣಾಕಾರ ಆಗಿರುವುದೇ ಇದರ ಸ್ವಾರಸ್ಯ. ನಾಲ್ಕರಲ್ಲಿ ಯಾವುದಾದರೂ ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ. ಜನರನ್ನು ಸೊನ್ನೆ ಮಾಡಲಾಗದು. ಆದಾಯ ಸೊನ್ನೆ ಮಾಡಿ ಅಂದರೆ ಯಾರೂ ಒಪ್ಪುವುದಿಲ್ಲ. ಶಕ್ತಿಯೇ ಇಲ್ಲದೆ ಯಾವ ಕೆಲಸವೂ ಆಗದು. ಸೊನ್ನೆಯ ಹತ್ತಿರ ಹೋಗಬಲ್ಲದ್ದು ಕೊನೆಯದೊಂದೇ. ಉಳಿದ ಮೂರರ ಬಗ್ಗೆ ಎಷ್ಟೇ ಜಗಳವಾಡಿದರೂ ಕೊನೆಗೆ ಸೌದೆಯ ವಿಷಯಕ್ಕೇ ಬರಬೇಕು.

ಎಲೆಗಳ ವಿಷಯ ಬೇಗ ಮುಗಿಸಬಹುದು. ಭಾರತದ ಜನಸಂಖ್ಯೆ 140 ಕೋಟಿ ದಾಟಿದೆ ನಿಜ, ಆದರೆ ಏರುವ ವೇಗ ಇಳಿದಿದೆ. ಕರ್ನಾಟಕದಲ್ಲಂತೂ ಒಬ್ಬ ಹೆಣ್ಣುಮಗಳಿಗೆ ಸರಾಸರಿ ಎರಡು ಮಕ್ಕಳೂ ಇಲ್ಲ. ಹೊಗೆಗೆಲ್ಲ ಜನಸಂಖ್ಯೆಯೇ ಕಾರಣ ಅನ್ನುವವರು ಹಳೇ ಕ್ಯಾಲೆಂಡರ್ ನೋಡುತ್ತಿದ್ದಾರೆ.

ಕೊನೇ ಪಂಕ್ತಿ

ಎರಡನೆಯ ಅಂಶ, ಎಲೆಗೆ ಎಷ್ಟು ಬಗೆ ಎನ್ನುವುದು, ನಿಜವಾದ ಜಗಳದ ಜಾಗ.

ಒಟ್ಟು ಹೊಗೆಯಲ್ಲಿ ಭಾರತ ಚೀನಾ, ಅಮೆರಿಕದ ನಂತರ ಮೂರನೆಯದು. ವರ್ಷಕ್ಕೆ ಸುಮಾರು 300 ಕೋಟಿ ಟನ್. ತಲಾ ಲೆಕ್ಕ ಹಾಕಿದರೆ ನಮ್ಮದು ಎರಡು ಟನ್ ಆಸುಪಾಸು. ಜಗತ್ತಿನ ಸರಾಸರಿ ಅದರ ಎರಡು ಪಟ್ಟಿಗಿಂತ ಹೆಚ್ಚು, ಅಮೆರಿಕದ್ದು ಸುಮಾರು ಏಳು ಪಟ್ಟು. ಕರೆಂಟ್ ಬಳಕೆಯಲ್ಲೂ ಹಾಗೇ. 2023-24ರಲ್ಲಿ ನಮ್ಮ ತಲಾ ಬಳಕೆ ವರ್ಷಕ್ಕೆ 1,395 ಯೂನಿಟ್. ಅದರಲ್ಲಿ ಮನೆ, ಹೊಲ, ಕಾರ್ಖಾನೆ, ರೈಲು ಎಲ್ಲ ಸೇರಿದೆ. ಅಮೆರಿಕದಲ್ಲಿ ಇದು 12,000ದ ಸುತ್ತಮುತ್ತ.

ಟೀವಿ ಚರ್ಚೆಯಲ್ಲಿ ಒಬ್ಬರು ಒಟ್ಟು ಲೆಕ್ಕ ಹಿಡಿದು ಕೂಗುತ್ತಾರೆ, ಇನ್ನೊಬ್ಬರು ತಲಾ ಲೆಕ್ಕ ಹಿಡಿದು ಕೂಗುತ್ತಾರೆ. ಎರಡೂ ನಿಜವೇ. ಇದರ ಜೊತೆಗೆ ಹಳೇ ಬಾಕಿಯೂ ಇದೆ. ಈ ಅನಿಲ ಒಮ್ಮೆ ಮೇಲೆ ಹೋದರೆ ಅದರಲ್ಲಿ ದೊಡ್ಡ ಪಾಲು ನೂರಾರು ವರ್ಷ ಅಲ್ಲೇ ಇರುತ್ತದೆ. ಕೈಗಾರಿಕೆಗಳು ಶುರುವಾದಾಗಿನಿಂದ ಇಲ್ಲಿಯವರೆಗೆ ಇಂಧನ ಸುಟ್ಟು ಸೇರಿಸಿದ್ದರಲ್ಲಿ ಕಾಲು ಪಾಲಿನಷ್ಟು ಅಮೆರಿಕದ್ದು, ನಮ್ಮದು ನೂರಕ್ಕೆ ಮೂರು ನಾಲ್ಕು ಪಾಲು. ಮೊದಲ ಪಂಕ್ತಿಯವರು ಹೋಳಿಗೆ ಉಂಡು ಎದ್ದಿದ್ದಾರೆ, ಅಡುಗೆ ಮನೆ ತುಂಬ ಹೊಗೆ, ಈಗ ಕೊನೇ ಪಂಕ್ತಿಯವರಿಗೆ "ಒಲೆ ಆರಿಸೋಣ, ಅನ್ನ ಸಾರಲ್ಲೇ ಮುಗಿಸಿಕೊಳ್ಳಿ" ಅಂದರೆ ಸಿಟ್ಟು ಬರುವುದಿಲ್ವಾ?

ಬರುತ್ತದೆ. ಆದರೆ ನಮ್ಮ ಪಂಕ್ತಿಯೊಳಗೇ ಇನ್ನೊಂದು ಪಂಕ್ತಿ ಇದೆ ಎನ್ನುವುದನ್ನೂ ಮರೆಯಬಾರದು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಮೂರು ಏಸಿ, ಎರಡು ಕಾರು ಇಟ್ಟುಕೊಂಡವರು 'ತಲಾ ಎರಡು ಟನ್' ಎಂಬ ಸರಾಸರಿಯ ಹಿಂದೆ ಅಡಗಿ ಕೂರುವುದು ಅತ್ತೆಯ 90 ಯೂನಿಟ್‌ನ ನೆರಳಿನಲ್ಲಿ. ನಾನೂ ಆ ಕಡೆಯವನೇ, ಒಂದು ಏಸಿಯ ಮಟ್ಟಿಗೆ.

ಇಲ್ಲೊಂದು ಹಳೆಯ ವಾದವೂ ಇದೆ. ಶಕ್ತಿ ಸಿಕ್ಕಿದ್ದರಿಂದ ಆದಾಯ ಹೆಚ್ಚಿತಾ, ಆದಾಯ ಹೆಚ್ಚಿದ್ದರಿಂದ ಶಕ್ತಿ ಬಳಕೆ ಹೆಚ್ಚಿತಾ? 1978ರಲ್ಲಿ ಅಮೆರಿಕದ ಅಂಕಿಗಳನ್ನು ಇಟ್ಟುಕೊಂಡು ಇಬ್ಬರು ಸಂಶೋಧಕರು ಎರಡನೆಯದೇ ಸರಿ ಅಂದರು. ಆಮೇಲೆ ಬೇರೆ ಬೇರೆ ದೇಶ, ಬೇರೆ ಬೇರೆ ಕಾಲದ ಅಂಕಿ ಹಿಡಿದು ನೂರಾರು ಜನ ಅಳೆದರು. ಒಬ್ಬೊಬ್ಬರಿಗೆ ಒಂದೊಂದು ಉತ್ತರ.

ಅತ್ತೆ ಊರಿನ ಹಿಟ್ಟಿನ ಗಿರಣಿ ಮುಂದೆ ಅರ್ಧ ದಿನ ಕೂತರೆ ಯಾಕೆ ಹೀಗೆ ಅಂತ ಗೊತ್ತಾಗುತ್ತದೆ. ಗಿರಣಿಯ ಮೋಟರ್ ಓಡಲು ತ್ರೀ ಫೇಸ್ ಬೇಕು. ಸಿಂಗಲ್ ಫೇಸ್ ಇದ್ದಾಗ ಮನೆಯ ಬಲ್ಬು ಉರಿಯುತ್ತದೆ, ಗಿರಣಿ ಓಡುವುದಿಲ್ಲ. ಬಾಗಿಲಲ್ಲಿ ರಾಗಿ ತುಂಬಿದ ಡಬ್ಬಿಗಳು ಸಾಲಾಗಿ ಕೂತಿರುತ್ತವೆ. "ತ್ರೀ ಫೇಸ್ ಬಂದಿಲ್ಲ ಕಣಕ್ಕ, ಡಬ್ಬಿ ಇಟ್ಟು ಹೋಗಿ, ಸಂಜೆ ನೋಡನ" ಅನ್ನುತ್ತಾನೆ ಗಿರಣಿಯವನು. ಅವತ್ತು ಅವನ ಸಂಪಾದನೆ ಇಲ್ಲ. ಅಲ್ಲಿ ಶಕ್ತಿ ಮೊದಲು, ದುಡ್ಡು ಆಮೇಲೆ. ಅದೇ ಗಿರಣಿಯವನು ನಾಲ್ಕು ವರ್ಷ ಚೆನ್ನಾಗಿ ನಡೆಸಿ ಮನೆಗೆ ಫ್ರಿಜ್ ತಂದ. ಅಲ್ಲಿ ದುಡ್ಡು ಮೊದಲು, ಶಕ್ತಿ ಆಮೇಲೆ. ಬಡ ದೇಶದಲ್ಲಿ ಮೊದಲನೆಯದು ಜೋರು, ಸಿರಿವಂತ ದೇಶದಲ್ಲಿ ಎರಡನೆಯದು ಜೋರು ಅನ್ನುವುದು ನನ್ನ ಅಂದಾಜು. ಅದಕ್ಕೇ 'ಕರೆಂಟ್ ಕಡಿಮೆ ಬಳಸಿ' ಎನ್ನುವ ಉಪದೇಶ ಎರಡು ಕಡೆ ಒಂದೇ ಅರ್ಥ ಕೊಡುವುದಿಲ್ಲ. ಒಂದು ಕಡೆ ಅದು ಸೌಕರ್ಯ ಕಡಿತ, ಇನ್ನೊಂದು ಕಡೆ ಕೂಲಿ ಕಡಿತ.

ಶೇಕಡಾವಾರು ಎಂಬ ಕಣ್ಕಟ್ಟು

ಮೂರನೆಯದು ಭಟ್ಟರ ಕೈಗುಣ. ಒಂದು ರೂಪಾಯಿಗೆ ಎಷ್ಟು ಶಕ್ತಿ ಎನ್ನುವುದು.

ಬೋರ್‌ವೆಲ್ಲಿನ ಉದಾಹರಣೆ ತೆಗೆದುಕೊಳ್ಳಿ. ಸಾವಿರ ಲೀಟರ್ ನೀರನ್ನು 100 ಅಡಿಯಿಂದ ಎತ್ತಲು, ಪಂಪು ಮೋಟರಿನಲ್ಲಿ ಪೋಲಾಗುವುದನ್ನೂ ಸೇರಿಸಿದರೆ, ಸುಮಾರು 0.2 ಯೂನಿಟ್ ಸಾಕು. ಅದೇ ನೀರು 1,000 ಅಡಿಗೆ ಇಳಿದಿದ್ದರೆ 2 ಯೂನಿಟ್ ಬೇಕು. ತೋಟ ಅದೇ, ಅಡಿಕೆ ಅದೇ, ಮಂಡಿಯಲ್ಲಿ ಸಿಗುವ ದರವೂ ಅದೇ. ಕರೆಂಟ್ ಮಾತ್ರ ಹತ್ತು ಪಟ್ಟು. ದೇಶದ ಆದಾಯಕ್ಕೆ ಒಂದು ಪೈಸೆ ಸೇರಿಲ್ಲ, ಹೊಗೆ ಮಾತ್ರ ಸೇರಿದೆ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ನಮ್ಮ ರಾಜ್ಯದಲ್ಲಿ ಕರೆಂಟ್ ಉಚಿತವಾಗಿರುವುದರಿಂದ ಮಾವನ ಲೆಕ್ಕದ ಪುಸ್ತಕದಲ್ಲೂ ಇದು ಕಾಣುವುದಿಲ್ಲ. ಬೆಳವಣಿಗೆ ಇಲ್ಲದೆಯೂ ಶಕ್ತಿ ಬಳಕೆ ಏರಬಹುದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಉಲ್ಟಾ ಉದಾಹರಣೆಯೂ ಇದೆ. 2015ರ ಜನವರಿಯಲ್ಲಿ ಉಜಾಲಾ ಯೋಜನೆ ಶುರುವಾಗಿ ದೇಶದಲ್ಲಿ 36 ಕೋಟಿಗಿಂತ ಹೆಚ್ಚು ಎಲ್‌ಇಡಿ ಬಲ್ಬು ಹಂಚಿದರು. 60 ವ್ಯಾಟಿನ ಹಳದಿ ಬಲ್ಬಿನ ಬೆಳಕನ್ನು ಇದು 9 ವ್ಯಾಟಿನಲ್ಲಿ ಕೊಡುತ್ತದೆ. ಸರ್ಕಾರ ಸಗಟಾಗಿ ಕೊಂಡಿದ್ದರಿಂದ ಒಂದು ಬಲ್ಬಿಗೆ 300 ರೂಪಾಯಿ ದಾಟಿದ್ದ ಖರೀದಿ ದರ 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು. ಸದ್ದಿಲ್ಲದೆ ಆದ ದೊಡ್ಡ ಕೆಲಸ ಇದು. ಆದರೆ ಬೆಳಕು ಅಗ್ಗವಾದಾಗ ಜನ ಬೆಳಕನ್ನು ಜಾಸ್ತಿ ಬಳಸುತ್ತಾರೆ. ಮೊದಲು ಜಾತ್ರೆಗೆ ಮೂರು ದಿನ ಹಾಕುತ್ತಿದ್ದ ಸೀರಿಯಲ್ ಸೆಟ್ ಈಗ ಗುಡಿ ಗೋಪುರದ ಮೇಲೆ ವರ್ಷವಿಡೀ ಮಿಣಿಮಿಣಿ ಅನ್ನುತ್ತದೆ. ಉಳಿಸಿದ್ದರಲ್ಲಿ ಸ್ವಲ್ಪ ಭಾಗ ಹೀಗೆ ವಾಪಸ್ ಹೋಗುತ್ತದೆ. ಇಂಗ್ಲೆಂಡಿನ ಜೆವಾನ್ಸ್ ಎಂಬ ಅರ್ಥಶಾಸ್ತ್ರಜ್ಞ 1865ರಲ್ಲೇ ಇದನ್ನು ಹೇಳಿದ್ದ: ಕಲ್ಲಿದ್ದಲು ಕಡಿಮೆ ತಿನ್ನುವ ಯಂತ್ರ ಬಂದರೆ ಒಟ್ಟು ಕಲ್ಲಿದ್ದಲು ಬಳಕೆ ಏರುತ್ತದೆ ಅಂತ.

ಈಗ ಕಣ್ಕಟ್ಟಿಗೆ ಬರೋಣ. ರೂಪಾಯಿಗೆ ಎಷ್ಟು ಹೊಗೆ ಎನ್ನುವುದನ್ನು ಸರ್ಕಾರಿ ಭಾಷೆಯಲ್ಲಿ 'ತೀವ್ರತೆ' ಅನ್ನುತ್ತಾರೆ. 2005ಕ್ಕೆ ಹೋಲಿಸಿದರೆ 2020ರ ಹೊತ್ತಿಗೆ ಭಾರತದ ತೀವ್ರತೆ ಶೇ. 36ರಷ್ಟು ಇಳಿದಿದೆ ಎಂದು ನಾವು ವಿಶ್ವಸಂಸ್ಥೆಗೆ ವರದಿ ಕೊಟ್ಟಿದ್ದೇವೆ. 2030ಕ್ಕೆ ಶೇ. 45 ಇಳಿಸುತ್ತೇವೆ ಅನ್ನುವುದು ನಮ್ಮ ಮಾತು. ಪತ್ರಿಕೆಯ ತಲೆಬರಹದಲ್ಲಿ ಇದು 'ಹೊಗೆ ಶೇ. 36 ಇಳಿಕೆ' ಆಗಿಬಿಡುತ್ತದೆ. ಹೊಗೆ ಇಳಿದಿಲ್ಲ. ಏರಿದೆ.

ಹೇಗೆ ಅಂದರೆ, ಆದಾಯ ವರ್ಷಕ್ಕೆ ಶೇ. 7ರಂತೆ ಬೆಳೆದರೆ ಹತ್ತು ವರ್ಷಕ್ಕೆ ಸುಮಾರು ಎರಡು ಪಟ್ಟಾಗುತ್ತದೆ. ಅದೇ ಅವಧಿಯಲ್ಲಿ ರೂಪಾಯಿಗೆ ಹೊಗೆ ಶೇ. 30 ಇಳಿಯಿತು ಅಂತಿಟ್ಟುಕೊಳ್ಳಿ. ಎರಡನ್ನು 0.7ರಿಂದ ಗುಣಿಸಿ. 1.4. ಅಂದರೆ ಒಟ್ಟು ಹೊಗೆ ಶೇ. 40 ಜಾಸ್ತಿ. ಭಟ್ಟರು ಹತ್ತು ಹೊರೆಗೆ ಮೂರು ಹೊರೆ ಸೌದೆ ಉಳಿಸಿದರು, ಆದರೆ ಎಲೆಯ ಮೇಲಿನ ಬಗೆ ಎರಡರಷ್ಟಾಯಿತು. ಇದು ಮೋಸ ಅಲ್ಲ. ಬೆಳೆಯುತ್ತಿರುವ ದೇಶ ಒಟ್ಟು ಇಳಿಸುತ್ತೇನೆ ಎಂದು ಮಾತು ಕೊಟ್ಟರೆ ಬೆಳವಣಿಗೆಗೆ ಕೈಕಟ್ಟು ಹಾಕಿಕೊಂಡಂತೆ, ಅದಕ್ಕೇ ತೀವ್ರತೆಯ ಭಾಷೆಯಲ್ಲಿ ಮಾತು ಕೊಟ್ಟಿದ್ದಾರೆ. ಓದುವವರು ಮಾತ್ರ ಇದು ಯಾವುದರ ಶೇಕಡಾ ಅಂತ ಒಮ್ಮೆ ಕೇಳಿಕೊಳ್ಳಬೇಕು, ಅಷ್ಟೇ.

ತೀವ್ರತೆ ಇಳಿದದ್ದರಲ್ಲಿ ಬೆಂಗಳೂರಿನಂಥ ಊರುಗಳ ಪಾಲೂ ಇದೆ. ಸಾಫ್ಟ್‌ವೇರ್ ಕಂಪನಿ ಗಳಿಸುವ ಒಂದು ರೂಪಾಯಿಗೆ ಬೇಕಾಗುವ ಶಕ್ತಿ ಉಕ್ಕಿನ ಕಾರ್ಖಾನೆಗೆ ಬೇಕಾಗುವುದರ ಮುಂದೆ ಲೆಕ್ಕಕ್ಕಿಲ್ಲ. ಆದರೆ ಆ ಸಾಫ್ಟ್‌ವೇರಿನವರು ವಾಸಿಸುವ ಕಟ್ಟಡ, ಓಡಾಡುವ ಮೆಟ್ರೊ ಸೇತುವೆ ಎಲ್ಲ ಸಿಮೆಂಟು, ಕಬ್ಬಿಣ. ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆಗಳು ಇರುವುದು ಅಲ್ಲಿ ಸುಣ್ಣದ ಕಲ್ಲು ಇದೆ ಅಂತ. ಊರ ಹೊರಗಿನ ಹಳೇ ಸುಣ್ಣದ ಗೂಡು ನೋಡಿದವರಿಗೆ ಇದು ಹೊಸದಲ್ಲ. ಕಲ್ಲು ಸುಟ್ಟರೆ ಹಗುರವಾಗುತ್ತದೆ. ಆ ಹೋದ ತೂಕವೇ ಇಂಗಾಲದ ಡೈಆಕ್ಸೈಡ್. ಶುದ್ಧ ಸುಣ್ಣದ ಕಲ್ಲು ಒಂದು ಟನ್ ಸುಟ್ಟರೆ 440 ಕಿಲೊ ಅನಿಲ ಕಲ್ಲಿನೊಳಗಿಂದಲೇ ಹೊರಡುತ್ತದೆ. ಗೂಡಿಗೆ ಬಿಸಿಲಿನ ಕರೆಂಟ್ ಕೊಟ್ಟರೂ ಅಷ್ಟು ಬಂದೇ ಬರುತ್ತದೆ. ಇನ್ನೂ ಮನೆ, ರಸ್ತೆ, ಆಸ್ಪತ್ರೆ ಕಟ್ಟಬೇಕಿರುವ ದೇಶಕ್ಕೆ ಇದು ಗಟ್ಟಿ ಗಂಟು.

ಬ್ರಿಟನ್ ಮಾಡಿಲ್ವಾ ಅಂತ ಕೇಳಬಹುದು. 1990ರಿಂದ ಈಚೆಗೆ ಅವರ ಆದಾಯ ಸಾಕಷ್ಟು ಬೆಳೆದಿದೆ, ಹೊಗೆ ಸುಮಾರು ಅರ್ಧಕ್ಕೆ ಇಳಿದಿದೆ. 2024ರ ಸೆಪ್ಟೆಂಬರ್ 30ಕ್ಕೆ ಅವರ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರವೂ ಮುಚ್ಚಿತು. ದೇಶ ಬಡತನದಿಂದ ಏಳುವಾಗ ಮಾಲಿನ್ಯ ಏರುತ್ತದೆ, ಸಿರಿವಂತವಾದ ಮೇಲೆ ತಾನಾಗೇ ಇಳಿಯುತ್ತದೆ ಎಂದು ಗುಡ್ಡದ ಆಕಾರದ ಗೆರೆ ಎಳೆದು ತೋರಿಸುವವರಿದ್ದಾರೆ. ಸೈಮನ್ ಕುಜ್ನೆಟ್ಸ್ ಎಂಬ ಅರ್ಥಶಾಸ್ತ್ರಜ್ಞರ ಹೆಸರಲ್ಲಿ ಅದಕ್ಕೆ ಕುಜ್ನೆಟ್ಸ್ ರೇಖೆ ಅನ್ನುತ್ತಾರೆ. ಅವರು ಹೇಳಿದ್ದು ಅಸಮಾನತೆಯ ಬಗ್ಗೆ, ಮಾಲಿನ್ಯಕ್ಕೆ ಅಂಟಿಸಿದವರು ಆಮೇಲಿನವರು. ಕಣ್ಣಿಗೆ ಉರಿಯುವ ಹೊಗೆ, ನಾರುವ ಕೆರೆಯ ವಿಷಯದಲ್ಲಿ ಆ ರೇಖೆ ಕೆಲವು ಕಡೆ ಸರಿ ಹೊಂದುತ್ತದೆ. ಏಕೆಂದರೆ ಜನ ಬೀದಿಗಿಳಿದು ಕೇಳುತ್ತಾರೆ. ಇಂಗಾಲದ ಡೈಆಕ್ಸೈಡ್ ಯಾರ ಕಣ್ಣಿಗೂ ಉರಿಯುವುದಿಲ್ಲ, ಇಲ್ಲಿ ಬಿಟ್ಟದ್ದು ಇನ್ನೆಲ್ಲೋ ಬಿಸಿ ಏರಿಸುತ್ತದೆ. ಅದಕ್ಕೆ ತಾನಾಗೇ ಇಳಿಯುವ ಗುಣ ಇಲ್ಲ. ಜೊತೆಗೆ, ಲಂಡನ್ನಿನ ಅಂಗಡಿಯ ಅಂಗಿ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಹೊಲಿದದ್ದಾದರೆ ಅದರ ಹೊಗೆ ನಮ್ಮ ಖಾತೆಗೆ. ಗುಡ್ಡ ಇಳಿದವರು ಮೂಟೆಯನ್ನು ಹತ್ತುತ್ತಿರುವವರ ತಲೆಗೆ ದಾಟಿಸಿ ಇಳಿದಿದ್ದಾರೆ, ಪೂರ್ತಿ ಅಲ್ಲದಿದ್ದರೂ ಒಂದಷ್ಟು.

ನೀರಿನಿಂದ ಇದ್ದಲಿಗೆ, ಇದ್ದಲಿನಿಂದ ಬಿಸಿಲಿಗೆ

ಇನ್ನು ಸೌದೆ. ಇದರಲ್ಲಿ ಕರ್ನಾಟಕದ ಕಥೆ ಲೋಕಕ್ಕಿಂತ ಬೇರೆ.

ಬಹಳಷ್ಟು ದೇಶಗಳು ಕಲ್ಲಿದ್ದಲಿನಿಂದ ಶುರು ಮಾಡಿದವು. ನಾವು ಶುರು ಮಾಡಿದ್ದು ನೀರಿನಿಂದ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ಕರೆಂಟನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಕಳಿಸಿದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಚಿನ್ನ ಮೊದಲು, ಊರು ಆಮೇಲೆ. ಮುಂದೆ ಜೋಗ, ಆಮೇಲೆ 1964ರಲ್ಲಿ ಲಿಂಗನಮಕ್ಕಿ. 1985ರವರೆಗೆ ನಮ್ಮ ರಾಜ್ಯದ ಕರೆಂಟ್ ಹೆಚ್ಚುಕಡಿಮೆ ಎಲ್ಲಾ ನೀರಿನದೇ, ಹೊಗೆಯಿಲ್ಲದ್ದು. ಆದರೆ ಬಿಟ್ಟಿ ಅಲ್ಲ. ಶರಾವತಿಯಲ್ಲಿ ಮುಳುಗಿದ ಊರುಗಳ ಜನ ನಾಡಿಗೆಲ್ಲ ಬೆಳಕು ಕೊಟ್ಟು ತಾವು ಚಿಮಣಿ ಬುಡ್ಡಿ ಹಚ್ಚಿಕೊಂಡು ಕೂತರು. ಜಮೀನಿನ ಹಕ್ಕಿಗಾಗಿ ಆ ಕುಟುಂಬಗಳ ಅಲೆದಾಟ ತಲೆಮಾರು ದಾಟಿದೆ.

ಮಳೆ ಕೈಕೊಟ್ಟ ವರ್ಷ ಕಾರ್ಖಾನೆಗೂ ಕತ್ತಲೆ, ಮನೆಗೂ ಕತ್ತಲೆ. ಬೇಡಿಕೆ ನೀರನ್ನು ಮೀರಿದಾಗ 1985ರಲ್ಲಿ ರಾಯಚೂರು ಪಕ್ಕದ ಶಕ್ತಿನಗರದಲ್ಲಿ ಥರ್ಮಲ್ ಸ್ಥಾವರದ ಮೊದಲ ಘಟಕ ಶುರುವಾಯಿತು. ನಮ್ಮ ನೆಲದಲ್ಲಿ ಕಲ್ಲಿದ್ದಲಿಲ್ಲ. ತೆಲಂಗಾಣದ ಸಿಂಗರೇಣಿಯಿಂದ, ಒಡಿಶಾದಿಂದ ರೈಲಿನಲ್ಲಿ ಬರಬೇಕು. ಅದರಲ್ಲೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೂದಿಯೇ. ಬೆಳವಣಿಗೆಗೆ ನಾವು ಇದ್ದಲನ್ನು ಆರಿಸಿಕೊಂಡದ್ದು ಪ್ರೀತಿಯಿಂದಲ್ಲ, ಬರದ ಭಯದಿಂದ.

ಈಗ ಮೂರನೆಯ ಅಧ್ಯಾಯ. ಪಾವಗಡದ ತಿರುಮಣಿ ಸುತ್ತಮುತ್ತ ಐದು ಹಳ್ಳಿಗಳ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರ ಪಾರ್ಕ್ ಇದೆ. 2018ರಲ್ಲಿ ಶುರುವಾಯಿತು. ಜಮೀನು ಕೊಂಡಿದ್ದಲ್ಲ, ಗುತ್ತಿಗೆ. ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಶೇಂಗಾ ಬಿತ್ತಿ ಆಕಾಶ ನೋಡುತ್ತಿದ್ದವರಿಗೆ ಇದು ಖಾತ್ರಿ ಬೆಳೆ. ಸ್ವಂತ ಹೊಲ ಇಲ್ಲದೆ ಕೂಲಿಗೆ ಹೋಗುತ್ತಿದ್ದವರಿಗೆ ದುಡಿಯಲು ಹೊಲವೇ ಇಲ್ಲದಂತಾಯಿತು. ಪ್ಯಾನೆಲ್ ತೊಳೆಯುವುದು, ಹುಲ್ಲು ಕೀಳುವುದು, ಕಾವಲು, ಇಷ್ಟರಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕೀತು? ರಸ್ತೆಯ ಎರಡೂ ಕಡೆ ಕಣ್ಣು ಹೋಗುವಷ್ಟು ದೂರ ನೀಲಿ ಹಲಗೆಗಳು. ನಾನು ಹೋದ ದಿನ ಬೇಲಿಯ ಹೊರಗೆ ಕುರಿ ನಿಂತಿದ್ದವು, ಒಳಗೆ ಹುಲ್ಲಿತ್ತು.

ಇಲ್ಲೇ ಎರಡನೆಯ ಕಣ್ಕಟ್ಟು. ರಾಯಚೂರು ಸ್ಥಾವರದ ಸಾಮರ್ಥ್ಯ 1,720 ಮೆಗಾವ್ಯಾಟ್. ಪಾವಗಡ 2,050. ಪಾವಗಡವೇ ದೊಡ್ಡದು ಅಲ್ವಾ? ಸಾಮರ್ಥ್ಯ ಅಂದರೆ ಹಂಡೆ ಎಷ್ಟು ದೊಡ್ಡದು ಎನ್ನುವುದು. ಎಷ್ಟು ಹೊತ್ತು ಉರಿಯಿತು ಎನ್ನುವುದು ಬೇರೆ. ರಾತ್ರಿ ಬಿಸಿಲಿಲ್ಲ, ಮೋಡ ಬಂದರೆ ಅರ್ಧ. ವರ್ಷದ ಲೆಕ್ಕದಲ್ಲಿ ಸೌರ ಪಾರ್ಕೊಂದು ತನ್ನ ಪೂರ್ತಿ ಶಕ್ತಿಯ ಐದನೇ ಒಂದರಿಂದ ಕಾಲು ಭಾಗದಷ್ಟು ಕರೆಂಟ್ ಕೊಡುತ್ತದೆ. ಆ ಲೆಕ್ಕದಲ್ಲಿ ಪಾವಗಡದಿಂದ ವರ್ಷಕ್ಕೆ 400 ಕೋಟಿ ಯೂನಿಟ್ ಸಿಗಬಹುದು. ರಾಯಚೂರನ್ನು ಮೂರರಲ್ಲಿ ಎರಡು ಪಾಲು ಓಡಿಸಿದರೂ 1,000 ಕೋಟಿ ಯೂನಿಟ್ ಬರುತ್ತದೆ. 2025ರ ಜೂನ್‌ನಲ್ಲಿ ದೇಶದ ವಿದ್ಯುತ್ ಸಾಮರ್ಥ್ಯದ ಅರ್ಧ ಭಾಗ ಕಲ್ಲಿದ್ದಲು, ಅನಿಲ, ಎಣ್ಣೆ ಬಿಟ್ಟು ಬೇರೆ ಮೂಲಗಳಿಂದ ಎಂಬ ಸುದ್ದಿ ಬಂತು. ಅದು ಹಂಡೆಯ ಲೆಕ್ಕ. ಯೂನಿಟ್ ಲೆಕ್ಕದಲ್ಲಿ ಇನ್ನೂ ಮುಕ್ಕಾಲು ಪಾಲಿನ ಹತ್ತಿರ ಕಲ್ಲಿದ್ದಲೇ. ಮೊದಲು ಹೇಳಿದ ಯೂನಿಟ್‌ಗೆ 700 ಗ್ರಾಂ ಬಂದದ್ದು ಅಲ್ಲಿಂದ. ಕರ್ನಾಟಕದ ಸ್ವಂತ ಕರೆಂಟ್ ಇದಕ್ಕಿಂತ ಶುದ್ಧ. ಆದರೆ 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ತಂತಿ ಜೋಡಿಸಿ ದಕ್ಷಿಣದ ಗ್ರಿಡ್ಡನ್ನು, ಅಂದರೆ ಕರೆಂಟ್ ತಂತಿಗಳ ಜಾಲವನ್ನು, ದೇಶದ ಗ್ರಿಡ್ಡಿಗೆ ಸೇರಿಸಿದ ಮೇಲೆ ಎಲ್ಲರದೂ ಒಂದೇ ಕೆರೆ. ಯಾರ ಬಿಂದಿಗೆಯಲ್ಲಿ ಯಾವ ಹಳ್ಳದ ನೀರು ಅಂತ ಹೇಳಲಾಗದು.

ದರದ ಜಗಳ ಬಹುಮಟ್ಟಿಗೆ ಮುಗಿದಿದೆ. 2010ರ ಸುಮಾರಿಗೆ ಯೂನಿಟ್‌ಗೆ ಹತ್ತು ರೂಪಾಯಿ ದಾಟಿದ್ದ ಸೌರ ವಿದ್ಯುತ್ 2017ರಲ್ಲಿ ರಾಜಸ್ಥಾನದ ಭಡ್ಲಾದ ಹರಾಜಿನಲ್ಲಿ 2 ರೂಪಾಯಿ 44 ಪೈಸೆಗೆ ಬಂತು. ಈಗ ಕಷ್ಟ ಇರುವುದು ಸಂಜೆಯಲ್ಲಿ. ಆರು ಗಂಟೆಗೆ ಪಾವಗಡ ಮಲಗುತ್ತದೆ. ಅದೇ ಹೊತ್ತಿಗೆ ಊರೆಲ್ಲ ಲೈಟ್ ಹಾಕುತ್ತದೆ, ಟೀವಿ ಹಚ್ಚುತ್ತದೆ, ಬೇಸಿಗೆಯಾದರೆ ಏಸಿಯೂ. ಹಾಗಂತ ಹಗಲೆಲ್ಲ ಇದ್ದಲಿನ ಘಟಕ ಆರಿಸಿ ಸಂಜೆ ಹಚ್ಚೋಣ ಅಂದರೆ ಅದು ಗ್ಯಾಸ್ ಒಲೆಯಲ್ಲ. ತಣ್ಣಗಾದ ಬಾಯ್ಲರ್ ಮತ್ತೆ ಕಾವೇರಲು ಗಂಟೆಗಟ್ಟಲೆ ಬೇಕು, ಶುರುವಿಗೆ ಎಣ್ಣೆ ಸುಡಬೇಕು. ಅದಕ್ಕೆ ಹಗಲಲ್ಲಿ ಅರ್ಧದ ಹತ್ತಿರಕ್ಕೆ ಇಳಿಸಿ ಸಣ್ಣಗೆ ಉರಿಸುತ್ತಾ ಇಡುತ್ತಾರೆ, ಸಂಜೆಗೆ ಬೇಕಾಗುತ್ತೆ ಅಂತ. ಬಿಸಿಲು ಚೆನ್ನಾಗಿದ್ದಾಗಲೂ ಹೊಗೆ ನಿಲ್ಲದಿರಲು ಇದೂ ಒಂದು ಕಾರಣ. 2023ರಲ್ಲಿ ಮಳೆ ಕೈಕೊಟ್ಟಾಗ ಪಂಜಾಬ್, ಉತ್ತರ ಪ್ರದೇಶದಿಂದ ಕರೆಂಟ್ ಕಡ ತಂದೆವು, ಆಮೇಲೆ ವಾಪಸ್ ಕೊಡುವ ಒಪ್ಪಂದದ ಮೇಲೆ. 2025ರ ಬೇಸಿಗೆಯಲ್ಲಿ ರಾಜ್ಯದ ಬೇಡಿಕೆ 18,000 ಮೆಗಾವ್ಯಾಟ್ ದಾಟಿತು.

ಹಗಲಿನದನ್ನು ಸಂಜೆಗೆ ಎತ್ತಿಡಲು ಒಂದು ದಾರಿ ಬ್ಯಾಟರಿ. ಇನ್ನೊಂದು ನೀರು: ಹಗಲು ಮಿಕ್ಕ ಕರೆಂಟಿನಲ್ಲಿ ಕೆಳಗಿನ ಅಣೆಕಟ್ಟಿನ ನೀರನ್ನು ಮೇಲಕ್ಕೆತ್ತಿ, ಸಂಜೆ ಬಿಟ್ಟು ಮತ್ತೆ ಕರೆಂಟ್ ತೆಗೆಯುವುದು. ಗೇರುಸೊಪ್ಪೆಗೂ ತಳಕಳಲೆಗೂ ನಡುವೆ 2,000 ಮೆಗಾವ್ಯಾಟಿನ ಇಂಥದ್ದೊಂದು ಯೋಜನೆ ಇದೆ. ಜಾಗ ಸಿಂಗಳೀಕಗಳ ಅಭಯಾರಣ್ಯ. ಹೊಗೆ ಉಳಿಸಲು ಕಾಡು ಕಡಿಯಬೇಕಾ ಎಂದು ಮಲೆನಾಡಿನವರು ಕೇಳುತ್ತಿದ್ದಾರೆ. ಶರಾವತಿಯನ್ನು ಒಮ್ಮೆ ಕೇಳಿ ಕೊಟ್ಟದ್ದಾಗಿದೆ, ಅವರ ಪ್ರಶ್ನೆಯನ್ನು ಅಭಿವೃದ್ಧಿಗೆ ಅಡ್ಡಗಾಲು ಅಂತ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ.

ಬ್ಯಾಟರಿ, ಅಣೆಕಟ್ಟು ಯಾವುದೂ ಬೇಡದ ಮೂರನೆಯ ದಾರಿಯೊಂದಿದೆ, ಅದು ಆಗಲೇ ನಡೆಯುತ್ತಿದೆ. ಬೇಡಿಕೆಯನ್ನೇ ಬಿಸಿಲಿನ ಹೊತ್ತಿಗೆ ಎಳೆದು ತರುವುದು. ಮೊದಲು ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಕೊಡುತ್ತಿದ್ದದ್ದು ಹೆಚ್ಚಾಗಿ ರಾತ್ರಿ, ಬೇರೆಯವರಿಗೆ ಬೇಡವಾದ ಹೊತ್ತಿನಲ್ಲಿ. ಮಾವ ರಾತ್ರಿ ಎರಡಕ್ಕೆ ಎದ್ದು ಟಾರ್ಚ್ ಹಿಡಿದು, ಹಾವು ಹುಳ ನೋಡಿಕೊಂಡು ತೋಟಕ್ಕೆ ಹೋಗಿ ಸ್ಟಾರ್ಟರ್ ಒತ್ತುತ್ತಿದ್ದರು. ಈಗ ಅವರ ತೋಟದ ಲೈನಿಗೆ ತ್ರೀ ಫೇಸ್ ಹಗಲಲ್ಲೇ ಬರುತ್ತದೆ. ಇದರಲ್ಲಿ ಹೊಗೆಯೂ ಕಡಿಮೆ, ನಿದ್ದೆಯೂ ಉಳಿಯಿತು ಅಂತ ನಾನು ಉತ್ಸಾಹದಿಂದ ಹೇಳಲು ಹೋದೆ.

ಮಾವ ಡ್ರಿಪ್ ಪೈಪಿನ ತೂತಿಗೆ ಕಟ್ಟಿದ ಉಪ್ಪನ್ನು ಮುಳ್ಳಿನಿಂದ ಕೆದಕುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ.

"ನಿದ್ದೆ ಏನೋ ಉಳೀತು ಕಣಪ್ಪ. ಮಟಮಟ ಮಧ್ಯಾಹ್ನ ನೀರು ಬಿಟ್ರೆ ಅರ್ಧ ಆವಿ ಆಗೋಗ್ತದೆ. ಅದ್ಕೇನಾರ ಲೆಕ್ಕ ಐತಾ ನಿನ್ ಹತ್ರ?"